ಅರವತ್ತೆರಡು ಹೊಲಗಳ ಲೆಕ್ಕ

ನಾನು ಮೇಷ್ಟ್ರಲ್ಲ, ಟ್ಯೂಷನ್ ಹೇಳುವವಳೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಕಡೆ ಮದುವೆ ಮನೆಗಳಲ್ಲಿ ಯಾರಾದರೂ ನನ್ನನ್ನು ಪರಿಚಯ ಮಾಡಿಕೊಡುವಾಗ 'ಇವರು ಲೆಕ್ಕದ ಮೇಡಂ' ಅಂದುಬಿಡುತ್ತಾರೆ. ಮಾರನೇ ದಿನ ಬೆಳಿಗ್ಗೆ ಇಡ್ಲಿಗೆ ಪಾತ್ರೆ ಇಡುವಷ್ಟರಲ್ಲಿ ಫೋನಿಗೆ ಪ್ರಶ್ನೆಗಳ ಫೋಟೋ ಬಂದು ಬಿದ್ದಿರುತ್ತವೆ. ಅರ್ಧ ಫೋಟೋಗಳಲ್ಲಿ ಪ್ರಶ್ನೆಗಿಂತ ಕಳಿಸಿದವರ ಹೆಬ್ಬೆರಳೇ ದೊಡ್ಡದಾಗಿ ಕಾಣುತ್ತದೆ.

ಹಾಸನದಲ್ಲಿ ಬಿ.ಎಸ್ಸಿ. ಓದಿದೆ. ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ. ಆಮೇಲೆ ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದೆ. ಕೆಲಸಕ್ಕೆ ಸೇರಬೇಕು ಅಂತ ಅಂಥ ಆಸೆಯೇನೂ ಇರಲಿಲ್ಲ, ಯಾರೂ ಬೇಡ ಅಂದದ್ದೂ ಇಲ್ಲ. ಆದರೆ ಲೆಕ್ಕ ಮಾಡದೆ ಇರಲು ಆಗಲಿಲ್ಲ. ಕೆಲವರಿಗೆ ಎಲೆ ಅಡಿಕೆ ಹಾಕದಿದ್ದರೆ ಊಟ ಇಳಿಯುವುದಿಲ್ಲವಲ್ಲ, ಹಾಗೆ. ಹಳೇ ಪ್ರಶ್ನೆಪತ್ರಿಕೆ ಎಲ್ಲಿ ಸಿಕ್ಕಿದರೂ ಕೂತು ಬಿಡಿಸುತ್ತಿದ್ದೆ. ಬೋಂಡಾ ಕಟ್ಟಿಕೊಟ್ಟ ಕಾಗದವನ್ನೂ ಬಿಟ್ಟವಳಲ್ಲ.

ಮೊದಲು ಕೇಳಿದವಳು ನಮ್ಮ ನಾದಿನಿಯ ಮಗಳು, ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಳು. ಐನೂರು ಎಂ.ಎಲ್. ಗ್ಲೂಕೋಸು ನಾಲ್ಕು ಗಂಟೆಯಲ್ಲಿ ಇಳಿಯಬೇಕು, ಒಂದು ಎಂ.ಎಲ್.ಗೆ ಇಪ್ಪತ್ತು ಹನಿ, ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು? ಅವಳು ನಾಲ್ಕು ಗಂಟೆಯನ್ನು ನಿಮಿಷ ಮಾಡದೆ ಹಾಗೇ ಭಾಗಿಸಿ ಎರಡೂವರೆ ಸಾವಿರ ಅಂತ ಬರೆದಿದ್ದಳು. ನಾನು ಫೋನ್ ಮಾಡಿ, 'ಅಮ್ಮಣ್ಣಿ, ಇದು ಹನಿಯಲ್ಲ, ಗೊರೂರು ಡ್ಯಾಮಿನ ಗೇಟು. ಆ ರೋಗಿ ತೇಲಿಕೊಂಡು ಹೋಗ್ತಾನೆ' ಅಂದೆ. ಅವಳು ನಕ್ಕು ನಕ್ಕು ಫೋನ್ ಇಟ್ಟುಬಿಟ್ಟಳು. ಆಮೇಲೆ ನಲವತ್ತೆರಡು ಅಂತ ಸರಿಯಾಗಿ ಮಾಡಿ ಕಳಿಸಿದಳು. ಅವಳಿಂದ ಅವಳ ರೂಮಿನ ಹುಡುಗಿಗೆ, ಆ ಹುಡುಗಿಯಿಂದ ಚನ್ನರಾಯಪಟ್ಟಣದಲ್ಲಿ ಇಂಜಿನಿಯರಿಂಗ್ ಓದುವ ಅವಳ ಅಣ್ಣನಿಗೆ, ಅಲ್ಲಿಂದ ಇನ್ನಾರಿಗೋ, ಹೀಗೆ ನನ್ನ ನಂಬರು ಊರೂರು ಸುತ್ತಿತು.

ಆ ಚನ್ನರಾಯಪಟ್ಟಣದವನು ಒಮ್ಮೆ ಪೈಪಿನೊಳಗೆ ನೀರು ಸೆಕೆಂಡಿಗೆ ನಾನೂರು ಮೀಟರ್ ಓಡುತ್ತದೆ ಅಂತ ಉತ್ತರ ತೆಗೆದಿದ್ದ. ಸೆಂಟಿಮೀಟರನ್ನು ಮಿಲಿಮೀಟರ್ ಅಂದುಕೊಂಡಿದ್ದ, ಅಷ್ಟೇ. 'ಅದರ ಮುಂದೆ ನಿಂತು ನೋಡಪ್ಪ, ಸಕಲೇಶಪುರದಲ್ಲಿ ಹೋಗಿ ಬೀಳ್ತೀಯ' ಅಂತ ಬರೆದು ಕಳಿಸಿದೆ. ಕೃಷಿ ಓದುವವರ ಬಟಾಣಿ ಗಿಡದ ಲೆಕ್ಕ, ಕೆಮಿಸ್ಟ್ರಿಯವರ ದ್ರಾವಣದ ಲೆಕ್ಕ, ಎಕನಾಮಿಕ್ಸಿನವರ ಬೇಡಿಕೆಯ ಲೆಕ್ಕ, ಎಲ್ಲವೂ ಬಂದವು. ನನಗೆ ಬಟಾಣಿಯ ವಂಶವೂ ಗೊತ್ತಿಲ್ಲ, ಬೇಡಿಕೆಯ ರೇಖೆ ಯಾಕೆ ಕೆಳಗಿಳಿಯುತ್ತದೆ ಅನ್ನುವುದೂ ಗೊತ್ತಿರಲಿಲ್ಲ. ಓದಿಕೊಂಡೆ. ಮೇಲಿನ ಬಟ್ಟೆ ಬೇರೆ ಬೇರೆ, ಒಳಗಿರುವುದು ಅದೇ ಗುಣಾಕಾರ ಭಾಗಾಕಾರ ಅಂತ ತಿಳಿದಾಗ ಆದ ಖುಷಿ ಅಷ್ಟಿಷ್ಟಲ್ಲ. ಎಲ್ಲರಿಗೂ ನಾನು ಬೈಯುತ್ತಿದ್ದುದು ಒಂದೇ ಮಾತು: ಮೊದಲು ಯೂನಿಟ್ ಬರಿ, ಆಮೇಲೆ ಲೆಕ್ಕಕ್ಕೆ ಕೈ ಹಾಕು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುವುದು. ಬೈದರೂ ಮಕ್ಕಳು ಬಿಡುತ್ತಿರಲಿಲ್ಲ, ಅದೂ ನನಗೆ ಇಷ್ಟವಾಗುತ್ತಿತ್ತು.

ಹೀಗೆ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ನಾನು ಮನೆಯೊಳಗೆ ಮುಗ್ಗರಿಸಿದ ಕಥೆ ಇದು.

ನನ್ನ ಓರಗಿತ್ತಿ, ಅಂದರೆ ನನ್ನ ಗಂಡನ ತಮ್ಮನ ಹೆಂಡತಿ, ನನಗಿಂತ ಹತ್ತು ವರ್ಷ ಚಿಕ್ಕವಳು. ತವರು ಅರಕಲಗೂಡಿನ ಹತ್ತಿರದ ಹಳ್ಳಿ. ಡಿಗ್ರಿ ಎರಡನೇ ವರ್ಷದಲ್ಲಿ ಮದುವೆಯಾಗಿ ಬಂದವಳು ಇಲ್ಲಿಂದಲೇ ಮೂರನೇ ವರ್ಷ ಕಟ್ಟಿ ಪಾಸಾದಳು. ಮಗಳು ಸ್ಕೂಲಿಗೆ ಹೋಗುವಂತಾದ ಮೇಲೆ ಒಂದು ದಿನ ಮುದ್ದೆ ತಿರುವುತ್ತಾ, 'ನಾನು ಎಂ.ಎ. ಮಾಡ್ತೀನಿ ಕಣಕ್ಕ' ಅಂದಳು. ಮಾಡು ಅಂದೆ. ಎಕನಾಮಿಕ್ಸ್ ತಗೊಂಡು ದಿನಾ ಹಾಸನದ ಬಸ್ಸು ಹತ್ತಿದಳು. ಮೆತ್ತಗಿನ ಮಾತಿನವಳು. ನಾನು ಹತ್ತು ಮಾತಾಡಿದರೆ ಅವಳದು ಒಂದು.

ಕೊನೇ ವರ್ಷ ಅವಳು ಒಂದು ಪ್ರಾಜೆಕ್ಟ್ ಬರೆಯಬೇಕಿತ್ತು. ಚಿಕ್ಕ ಹಿಡುವಳಿಯವರು ಎಕರೆಗೆ ಹೆಚ್ಚು ಬೆಳೆಯುತ್ತಾರೋ, ದೊಡ್ಡ ಹಿಡುವಳಿಯವರೋ ಅನ್ನುವುದು ಅವಳ ಪ್ರಶ್ನೆ. ಚಿಕ್ಕ ಹೊಲದವರೇ ಜಾಸ್ತಿ ಬೆಳೆಯುತ್ತಾರೆ, ಯಾಕೆಂದರೆ ಅವರು ಕಳೆಯನ್ನು ತಾವೇ ಕೂತು ಕೀಳುತ್ತಾರೆ ಅಂತ ಅವಳ ನಂಬಿಕೆ. ಮುಸುಕಿನ ಜೋಳದ ಕೊಯ್ಲು ಮುಗಿದ ಮೇಲೆ ಪ್ರತಿ ಶನಿವಾರ ಭಾನುವಾರ ತವರಿಗೆ ಹೋಗಿ, ಅರಕಲಗೂಡು ಸುತ್ತಿನ ಹಳ್ಳಿಗಳಲ್ಲಿ ಮನೆ ಮನೆ ತಿರುಗಿದಳು. ಅರವತ್ತೆರಡು ಮನೆ. ಹೊಲ ಎಷ್ಟು, ಜೋಳ ಎಷ್ಟು ಕ್ವಿಂಟಾಲ್ ಆಯಿತು, ಕಳೆ ಯಾರು ಕಿತ್ತರು, ಇದಿಷ್ಟನ್ನೂ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಾಯಿ ಅಟ್ಟಿಸಿಕೊಂಡು ಬಂದಿತ್ತಂತೆ ಎರಡು ಕಡೆ. ಆಮೇಲೆ ಕಾಲೇಜಿನ ಕಂಪ್ಯೂಟರಿನಲ್ಲಿ ಅಂಕಿ ತುಂಬಿ, ಉತ್ತರ ತೆಗೆದು, ಮೇಷ್ಟ್ರಿಗೆ ಕೊಟ್ಟಳು.

ಒಂದು ಶುಕ್ರವಾರ ಸಂಜೆ ಬಂದವಳು ಚೀಲವನ್ನೂ ಇಳಿಸದೆ ಜಗಲಿಯ ಮೇಲೆ ಕೂತುಬಿಟ್ಟಳು. ಮುಖ ಬಾಡಿತ್ತು. ಏನಾಯ್ತೆ ಅಂದೆ.

'ಮೇಷ್ಟ್ರು ಸೈನ್ ಹಾಕಲ್ಲ ಅಂದ್ರು ಅಕ್ಕ. ಎಕರೆಗೆ ಅರವತ್ತು ಕ್ವಿಂಟಾಲ್ ಜೋಳ ಯಾವ ಸೀಮೇಲಿ ಬೆಳೀತಾರಮ್ಮ, ನೀವು ಯಾರ ಮನೆಗೂ ಹೋಗಿಲ್ಲ, ಮನೇಲಿ ಕೂತು ಬರ್ದಿದ್ದೀರ ಅಂದ್ರು. ಬೇರೆ ಹುಡುಗ್ರೆಲ್ಲ ಇದ್ರು ಅಲ್ಲಿ.'

ಸೋಮವಾರ ಕೊನೇ ದಿನ. ಅಷ್ಟರೊಳಗೆ ಸೈನ್ ಆಗದಿದ್ದರೆ ಒಂದು ವರ್ಷ ಹೋದಂತೆಯೇ. ಆದರೆ ವರ್ಷ ಹೋಗುವುದಕ್ಕಿಂತ ಸುಳ್ಳಿ ಅನ್ನಿಸಿಕೊಂಡದ್ದು ಅವಳಿಗೆ ತಾಗಿತ್ತು. ಅದು ನನಗೂ ಕಾಣುತ್ತಿತ್ತು. 'ತಾ ಇಲ್ಲಿ ಆ ನೋಟ್‌ಬುಕ್ಕು, ನಾನು ನೋಡ್ತೀನಿ' ಅಂದೆ. ನನ್ನ ದನಿಯಲ್ಲಿ ಜಂಬವೂ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೂತೆ. ಅವಳ ಭಾಗಾಕಾರದಲ್ಲಿ ತಪ್ಪಿರಲಿಲ್ಲ. 0.20ಕ್ಕೆ ಹನ್ನೆರಡು ಕ್ವಿಂಟಾಲ್ ಅಂದರೆ ಎಕರೆಗೆ ಅರವತ್ತು, ಸರಿಯಾಗಿಯೇ ಭಾಗಿಸಿದ್ದಾಳೆ. ಎರಡು ಎಕರೆಗೆ ನಲವತ್ತನಾಲ್ಕು, ಅಂದರೆ ಇಪ್ಪತ್ತೆರಡು, ಅದೂ ಸರಿ. ದೊಡ್ಡ ಹೊಲದವರ ಬೆಳೆ ಎಲ್ಲರ ಮನೆಯಂತೆ ಇದೆ, ಒಂದು ಎಕರೆಯೂ ಇಲ್ಲದವರ ಬೆಳೆ ಮಾತ್ರ ಆಕಾಶಕ್ಕೆ ಹೋಗಿದೆ. ಅವಳಿಗೆ ಏನು ಸಿಗಬೇಕಿತ್ತೋ ಅದೇ ಸಿಕ್ಕಿದೆ, ಅದೂ ಬೇಕಾದ್ದಕ್ಕಿಂತ ಹತ್ತು ಪಾಲು ಜಾಸ್ತಿ. ಅಲ್ಲಿಗೆ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು.

ನಾನು ಹೊಲದ ಅಳತೆಯ ಸಾಲನ್ನು ಒಂದು ಹಾಳೆಗೆ ಬೇರೆ ಬರೆದುಕೊಂಡೆ. 1.20, 0.30, 2.10, 0.15, 3.05, 1.35, 0.20, ಹೀಗೆ ಅರವತ್ತೆರಡು. ಪಾಯಿಂಟಿನ ಆಚೆಗೆ ಏನಿದೆ ಅಂತ ಕಣ್ಣಾಡಿಸಿದೆ. ಹತ್ತು, ಇಪ್ಪತ್ತು, ಮೂವತ್ತು, ಐದು, ಹದಿನೈದು, ಮೂವತ್ತೈದು, ಎಲ್ಲೋ ಒಂದು ಮೂವತ್ತೆಂಟು. ಒಂದಾದರೂ ಐವತ್ತು? ಇಲ್ಲ. ಎಪ್ಪತ್ತೈದು? ಇಲ್ಲ. ಅರವತ್ತೆರಡು ಜನರಲ್ಲಿ ಒಬ್ಬನ ಹೊಲದಲ್ಲೂ ಪಾಯಿಂಟಿನ ಆಚೆ ಮೂವತ್ತೊಂಬತ್ತು ದಾಟಿಲ್ಲ. ಮನುಷ್ಯ ಸುಮ್ಮನೆ ಕೂತು ಅಂಕಿ ಕಟ್ಟಿದರೆ ಅವನ ಕೈ ಕೆಲವು ಅಂಕಿಗಳ ಕಡೆಗೇ ಓಡುತ್ತದೆ ಅಂತ ಡಿಗ್ರಿಯಲ್ಲಿ ಓದಿದ್ದೆ. ಇಲ್ಲಿ ಅದೇ ಆಗಿದೆ ಅನ್ನಿಸಿತು. ಸಿಟ್ಟು ಬಂತು.

ಅವಳನ್ನು ಕರೆದೆ. 'ನನ್ನ ಹತ್ರ ನಿಜ ಹೇಳು. ಎಷ್ಟು ಮನೆಗೆ ಹೋಗಿದ್ದೆ? ಹತ್ತು ಮನೆಗೆ ಹೋಗಿ ಉಳಿದಿದ್ದು ನೀನೇ ಬರ್ಕೊಂಡ್ಯಾ?'

ಅವಳು ಅಳಲಿಲ್ಲ. ಜಗಳಕ್ಕೂ ಬರಲಿಲ್ಲ. 'ನೀನೂನಾ ಅಕ್ಕ' ಅಂದಳು, ನೋಟ್‌ಬುಕ್ಕು ಎತ್ತಿಕೊಂಡು ಒಳಗೆ ಹೋದಳು. ಆ ದಿನವೆಲ್ಲ ನನ್ನ ಜೊತೆ ಮಾತಿಲ್ಲ. ಸಾರಿಗೆ ಉಪ್ಪು ಹಾಕಿದ್ಯಾ ಅಂದರೆ ತಲೆ ಅಲ್ಲಾಡಿಸಿದಳು, ಅಷ್ಟೇ. ನನಗೆ ಅನ್ನ ರುಚಿಸಲಿಲ್ಲ. ಆದರೂ ನಾನು ಹೇಳಿದ್ದು ಸರಿ ಅಂತಲೇ ಮನಸ್ಸಿನಲ್ಲಿ ವಾದ ಮಾಡಿಕೊಳ್ಳುತ್ತಿದ್ದೆ.

ಭಾನುವಾರ ಬೆಳಿಗ್ಗೆ ನಮ್ಮತ್ತೆ ಅಂಗಳದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಸೊಗಡು ಅವರೆಯ ಕಾಲ, ಮನೆ ತುಂಬ ಅದೇ ವಾಸನೆ. ನಾನೂ ಅವರ ಎದುರಿಗೆ ಕೂತು ಸುಲಿಯತೊಡಗಿದೆ. ಹಾಳೆ ಪಕ್ಕದಲ್ಲೇ ಬಿದ್ದಿತ್ತು. ಕೈ ಕಾಯಿಯ ಮೇಲೆ, ಕಣ್ಣು ಹಾಳೆಯ ಮೇಲೆ. ಬಾಯಿ ಸುಮ್ಮನಿರಬೇಕಲ್ಲ.

'ಪಾಯಿಂಟ್ ಇಪ್ಪತ್ತಕ್ಕೆ ಹನ್ನೆರಡು ಕ್ವಿಂಟಾಲಂತೆ. ಬರೆಯೋಕಾದ್ರೂ ಒಂದು ನ್ಯಾಯ ಬೇಡ್ವಾ' ಅಂತ ಗೊಣಗಿದೆ.

ಅತ್ತೆ ತಲೆ ಎತ್ತಲಿಲ್ಲ. 'ಅದ್ಯಾಕವ್ವ ಅಂಗಂತೀಯ? ಇಪ್ಪತ್ತು ಗುಂಟೆಗೆ ಅನ್ನೆರಡು ಕ್ವಿಂಟಾಲು ಬರಾಕಿಲ್ವಾ? ಕಳೆ ಕಿತ್ತು ನೀರು ಕೊಟ್ರೆ ಬತ್ತದೆ. ನಮ್ಮ ಕೆರೆ ಇಂದ್ಲ ಒಲದಲ್ಲಿ ಓದೊರ್ಸ ಅಷ್ಟೇ ಬಂದಿದ್ದು.'

'ಗುಂಟೆ ಅಲ್ಲ ಅತ್ತೆ, ಸೊನ್ನೆ ಪಾಯಿಂಟ್ ಇಪ್ಪತ್ತು ಎಕರೆ.'

'ನಿನ್ ಪಾಯಿಂಟು ನಂಗೇನ್ ಗೊತ್ತವ್ವ. ಎಕ್ರೆ ಒಂದ್ ಕಡೆ, ಗುಂಟೆ ಒಂದ್ ಕಡೆ, ಮದ್ಯಕ್ಕೊಂದು ಚುಕ್ಕಿ. ಜಮೀನಿನ ಪಾಣೀಲಿ ಅಂಗೇ ಅಲ್ವಾ ಬರ್ಯಾದು? ಅದು ಅರ್ದ ಎಕ್ರೆ ಕಣವ್ವ. ಓದ್ದೋಳು ನೀನು, ನಾನ್ ಯೋಳ್ಕೊಡ್ಬೇಕಾ.'

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ನಲವತ್ತು ಗುಂಟೆಗೆ ಒಂದು ಎಕರೆ. ಅದಕ್ಕೇ ಪಾಯಿಂಟಿನ ಆಚೆ ಮೂವತ್ತೊಂಬತ್ತು ದಾಟಿಲ್ಲ. ನಲವತ್ತಾಯಿತು ಅಂದರೆ ಅದು ಇನ್ನೊಂದು ಎಕರೆಯಾಗಿ ಚುಕ್ಕಿಯ ಈಚೆಗೆ ಬಂದುಬಿಡುತ್ತದೆ. ರೈತ 'ಒಂದೆಕರೆ ಇಪ್ಪತ್ತು ಗುಂಟೆ' ಅಂದಿದ್ದಾನೆ, ಅವಳು ಊರಿನಲ್ಲಿ ಎಲ್ಲರೂ ಬರೆಯುವ ಹಾಗೆ 1.20 ಅಂತ ಬರೆದಿದ್ದಾಳೆ, ಕಂಪ್ಯೂಟರು ಅದನ್ನು ಒಂದು ಎಕರೆ ಮತ್ತು ಹತ್ತರಲ್ಲಿ ಎರಡು ಪಾಲು ಅಂತ ನುಂಗಿದೆ. ಒಂದೂವರೆ ಎಕರೆಯ ಹೊಲ ಅಲ್ಲಿ ಕುಗ್ಗಿಹೋಗಿದೆ. ಎಕರೆಗಿಂತ ಕಡಿಮೆ ಇದ್ದವರ ಬೆಳೆಯಂತೂ ಒಬ್ಬೊಬ್ಬರದೂ ಸರಿಯಾಗಿ ಎರಡೂವರೆ ಪಾಲು ಹಿಗ್ಗಿದೆ. ಅರವತ್ತನ್ನು ಎರಡೂವರೆಯಿಂದ ಭಾಗಿಸಿದೆ. ಇಪ್ಪತ್ತನಾಲ್ಕು. ಎಲ್ಲ ಹೊಲದಲ್ಲೂ ಬರುವಂಥ ಬೆಳೆ.

ಯಾವ ಅಂಕಿಗಳನ್ನು ನೋಡಿ ಅವಳು ಸುಳ್ಳು ಬರೆದಿದ್ದಾಳೆ ಅಂದೆನೋ, ಅವೇ ಅಂಕಿಗಳು ಅವಳು ಅರವತ್ತೆರಡು ಮನೆಗೂ ಹೋಗಿದ್ದಳು ಅನ್ನುವುದಕ್ಕೆ ಸಾಕ್ಷಿ. ಮನೆಯಲ್ಲಿ ಕೂತು ಕಟ್ಟುವವಳು ಒಂದಾದರೂ ಐವತ್ತು ಬರೆಯದೆ ಇರುತ್ತಿರಲಿಲ್ಲ. ಲೋಕಕ್ಕೆಲ್ಲ ಯೂನಿಟ್ ಯೂನಿಟ್ ಅಂತ ಬೈದವಳು ನಾನು, ಎಕರೆ ಗುಂಟೆಯ ನೆಲದಲ್ಲೇ ಹುಟ್ಟಿ ಬೆಳೆದವಳು. ನಾಚಿಕೆಯಾಯಿತು. ಆದರೆ ನಿಜ ಹೇಳಬೇಕೆಂದರೆ ನಾಚಿಕೆಗಿಂತ ಮೊದಲು ಬಂದದ್ದು ಸಂತೋಷ. ಕುಣಿಯುವಷ್ಟು ಸಂತೋಷ.

ಓರಗಿತ್ತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಓಡಿಹೋಗಿ, 'ಎದ್ದೇಳೆ, ಲೆಕ್ಕ ಸಿಕ್ತು' ಅಂದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ತಪ್ಪಾಯ್ತು ಅನ್ನುವ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ. ಬರಲಿಲ್ಲವೋ, ನಾನೇ ತಡೆದೆನೋ. ಅವಳು ಸೋಪಿನ ಕೈಯಲ್ಲೇ ನಿಂತು ಕೇಳಿದಳು, ಕೇಳುತ್ತ ಕೇಳುತ್ತ ಅವಳ ಮುಖ ಅರಳಿತು. ಆಮೇಲೆ ಕೈ ತೊಳೆದುಕೊಂಡು ನೋಟ್‌ಬುಕ್ಕು ತಂದಳು.

ಆ ಭಾನುವಾರದಷ್ಟು ಚೆಂದದ ದಿನ ನಮ್ಮ ಮನೆಯಲ್ಲಿ ಕಡಿಮೆ. ಅಂಗಳದ ಬಿಸಿಲಿನಲ್ಲಿ ಚಾಪೆ ಹಾಸಿ ಮೂವರೂ ಕೂತೆವು. ಅವಳು ಒಂದೊಂದೇ ಹೊಲ ಓದುವುದು, ನಾನು ಗುಂಟೆಯನ್ನು ನಲವತ್ತರಿಂದ ಭಾಗಿಸುವುದು. ಭಾಗಿಸುವಷ್ಟರಲ್ಲಿ ಅತ್ತೆ ಅವರೆಕಾಯಿಯಿಂದ ಕೈ ತೆಗೆಯದೆ ಉತ್ತರ ಹೇಳಿಬಿಡುತ್ತಿದ್ದರು. ಹತ್ತು ಗುಂಟೆ ಅಂದರೆ 'ಕಾಲು', ಮೂವತ್ತು ಅಂದರೆ 'ಮುಕ್ಕಾಲು'. ಮೂವತ್ತೆಂಟು ಬಂದಾಗ ಮಾತ್ರ ಸ್ವಲ್ಪ ತಡೆದು, 'ಅದೊಂದು ನೀನೇ ಮಾಡ್ಕಳವ್ವ, ಎಲ್ಲಾ ನಾನೇ ಮಾಡಿದ್ರೆ ನಿನ್ ಡಿಗ್ರಿ ಯಾತಕ್ಕೆ' ಅಂದರು. ಓರಗಿತ್ತಿ ಪಕ್ಕೆ ಹಿಡಿದುಕೊಂಡು ನಕ್ಕಳು. ಎರಡು ದಿನದ ಮೇಲೆ ಅವಳ ನಗು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

ಅವಳು ಹೊಲ ಓದುವಾಗ ಬರೀ ಅಂಕಿ ಓದುತ್ತಿರಲಿಲ್ಲ. ಈ ಒಂದೆಕರೆ ಮೂವತ್ತೈದು ಗುಂಟೆಯವರು ಕುಡಿಯಲು ಮಜ್ಜಿಗೆ ಕೊಟ್ಟರು, ಈ ಹದಿನೈದು ಗುಂಟೆಯಜ್ಜಿ ಶುಂಠಿ ಹಾಕೋದು ಬಿಟ್ಟು ಜೋಳ ಹಾಕಿದ್ದಕ್ಕೆ ಮಗನಿಗೆ ಇನ್ನೂ ಬೈಯುತ್ತಿದ್ದಳು, ಈ ಮೂರೆಕರೆಯವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು, ಹೀಗೆ ಒಬ್ಬೊಬ್ಬರದೂ ಒಂದೊಂದು. ಇದನ್ನೆಲ್ಲ ಮನೆಯಲ್ಲಿ ಕೂತು ಯಾರು ಕಟ್ಟಲು ಸಾಧ್ಯ? ಮೊದಲೇ ಕೇಳಿದ್ದರೆ ಆಗುತ್ತಿತ್ತು. ನಾನು ಅಂಕಿಯನ್ನು ಕೇಳಿದ್ದೆ, ಅವಳನ್ನು ಕೇಳಿರಲಿಲ್ಲ.

ಮಧ್ಯಾಹ್ನ ಅವರೆಕಾಳು ಸಾರು, ಮುದ್ದೆ ಉಂಡು ಮತ್ತೆ ಕೂತೆವು. ಹೊತ್ತು ಇಳಿಯುವಷ್ಟರಲ್ಲಿ ಹೊಸ ಉತ್ತರ ಬಂತು. ಆ ದೊಡ್ಡ ಅಂತರ ಬಿದ್ದುಹೋಯಿತು. ಆದರೆ ಪೂರ್ತಿ ಹೋಗಲಿಲ್ಲ. ಚಿಕ್ಕ ಹೊಲದವರ ಬೆಳೆ ಎಕರೆಗೆ ಒಂದೆರಡು ಕ್ವಿಂಟಾಲ್ ಮೇಲೆಯೇ ನಿಂತಿತು, ಅದರಲ್ಲೂ ಕಳೆ ತಾವೇ ಕಿತ್ತವರದು. ಎರಡು ಸಲ, ಮೂರು ಸಲ ಮಾಡಿದೆ. ಅದೇ ಬಂತು. ಅವಳು ಹಾಳೆಯ ಮೇಲೆ ಬೆರಳಿಟ್ಟು, 'ಇಷ್ಟೇ ಸಾಕು ಅಕ್ಕ. ಇದು ನಿಜ' ಅಂದಳು.

ಸೋಮವಾರ ನಾನೂ ಅವಳ ಜೊತೆ ಹಾಸನಕ್ಕೆ ಹೊರಟೆ. ಬೇಡ ಅಂದಳು, ಕೇಳಲಿಲ್ಲ. ಮೇಷ್ಟ್ರಿಗೆ ನಾಲ್ಕು ಮಾತು ಆಡಿಯೇ ಬರಬೇಕು ಅಂತ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ.

ಮೇಷ್ಟ್ರ ರೂಮಿನಲ್ಲಿ ಫೈಲು ಹಿಡಿದುಕೊಂಡು ನಾಲ್ಕೈದು ಹುಡುಗ ಹುಡುಗಿಯರು ನಿಂತಿದ್ದರು. ಮೇಷ್ಟ್ರು ವಯಸ್ಸಾದವರು, ಕನ್ನಡಕದ ಮೇಲಿಂದ ನೋಡುವವರು. ಇವಳ ಹಾಳೆ ಕಂಡೊಡನೆ, 'ಏನಮ್ಮಾ, ಈ ಸಲ ಎಷ್ಟು ಕ್ವಿಂಟಾಲ್ ಮಾಡಿದ್ರಿ?' ಅಂದರು. ಹುಡುಗರು ಮುಸಿಮುಸಿ ನಕ್ಕರು. ನನ್ನ ಬಾಯಿ ತೆರೆದೇಬಿಟ್ಟಿತ್ತು, ಓರಗಿತ್ತಿ ಚಪ್ಪಲಿ ಕಾಲಿನಿಂದ ನನ್ನ ಕಾಲು ಒತ್ತಿದಳು. ಆಮೇಲೆ ಮೆತ್ತಗೆ ಕೇಳಿದಳು.

'ಸಾ, ನಿಮ್ದು ಊರಲ್ಲಿ ಜಮೀನೈತಾ?'

'ಐತಮ್ಮ, ಕಟ್ಟಾಯದ ಹತ್ರ. ಎರಡೆಕರೆ ಮೂವತ್ತು ಗುಂಟೆ. ಯಾಕೆ?'

'ಅದನ್ನ ಇಲ್ಲಿ ಅಂಕೀಲಿ ಬರೀತೀರಾ ಸಾ?' ಅಂತ ಹಾಳೆಯ ಹಿಂಭಾಗ ತಿರುಗಿಸಿ ಮುಂದಿಟ್ಟಳು.

ಅವರು ಪೆನ್ನು ತೆಗೆದು, ಯೋಚನೆಯನ್ನೂ ಮಾಡದೆ ಬರೆದರು. 2.30. ಬರೆದ ಮೇಲೆ ಪೆನ್ನು ಅಲ್ಲೇ ನಿಂತಿತು. ಕನ್ನಡಕ ಮೇಲೆ ಸರಿಸಿ ತಾವೇ ಬರೆದದ್ದನ್ನು ನೋಡಿದರು. ಅವಳ ನೋಟ್‌ಬುಕ್ಕು ಎಳೆದುಕೊಂಡು ಒಂದು ಪುಟ ನೋಡಿದರು, ಇನ್ನೊಂದು ನೋಡಿದರು. ಹೊಸ ಉತ್ತರದ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದರು. ಆಮೇಲೆ ಅವರು ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತರು.

'ತಪ್ಪಾಯ್ತಮ್ಮ' ಅಂದರು. 'ಹೊಲ ಇರೋನು ನಾನೂ ನೋಡ್ಲಿಲ್ಲ. ಮನೇಲಿ ಕೂತು ಬರ್ದಿದ್ದೀರ ಅಂತ ಇವರೆಲ್ಲರ ಮುಂದೆ ಅಂದಿದ್ದೆ. ಇವರ ಮುಂದೆನೇ ವಾಪಸ್ ತಗೋತೀನಿ. ನೀವು ಅರವತ್ತೆರಡು ಮನೆಗೂ ಹೋಗಿದ್ದೀರ.'

ನಾನು ದಾರಿಯಲ್ಲಿ ಜೋಡಿಸಿಕೊಂಡಿದ್ದ ನಾಲ್ಕು ಮಾತುಗಳಲ್ಲಿ ಒಂದೂ ಬೇಕಾಗಲಿಲ್ಲ. ಅವರು ಕೂತು ಸೈನ್ ಹಾಕಿದರು. ಹುಡುಗಿಯೊಬ್ಬಳು ಗಾಬರಿಯಾಗಿ ತನ್ನ ಫೈಲು ತೆರೆದು, ತನ್ನ ಹೊಲಗಳ ಪಾಯಿಂಟಿನ ಆಚೆ ಏನಿದೆ ಅಂತ ಹುಡುಕತೊಡಗಿದಳು.

ಬಸ್ ಸ್ಟ್ಯಾಂಡಿನಲ್ಲಿ ಮಸಾಲೆ ದೋಸೆ ತಿಂದೆವು. ಹೊಳೆನರಸೀಪುರದ ಬಸ್ಸಿನಲ್ಲಿ ಸೀಟೂ ಸಿಕ್ಕಿತು, ಅವಳಿಗೆ ಕಿಟಕಿ ಪಕ್ಕ. ಊರು ದಾಟುವವರೆಗೆ ನಾನೇ ಮಾತಾಡುತ್ತಿದ್ದೆ. ನೀನು ಅವರ ಕೈಲಿ ಬರೆಸಿದ್ದು ಭೇಷ್, ನನಗೆ ಹೊಳೀತಾನೇ ಇರಲಿಲ್ಲ, ಅಂತೆಲ್ಲ ಹೊಗಳಿದೆ. ಅವಳು ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

'ಮೇಷ್ಟ್ರು ಎದ್ದು ನಿಂತ್ರು ಕಣಕ್ಕ. ಅಷ್ಟು ವಯಸ್ಸಾದವ್ರು. ನೀನು ಇನ್ನೂ ನಿಂತಿಲ್ಲ.'

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಮೆತ್ತಗಿನ ದನಿ. ಬಸ್ಸು ಜನರಿಂದ ಗಿಜಿಗುಡುತ್ತಿತ್ತು. ನಾನು ಮುಂದಿನ ಸೀಟಿನ ಕಂಬಿ ಹಿಡಿದು ಎದ್ದು ನಿಂತೆ. ಬಸ್ಸು ತಿರುವಿನಲ್ಲಿ ವಾಲಿತು, ನಾನೂ ವಾಲಿದೆ.

'ನಂದೂ ತಪ್ಪಾಯ್ತು ಕಣೆ' ಅಂದೆ. ಮೆತ್ತಗೆ ಹೇಳಬೇಕೆಂದಿದ್ದೆ, ನನ್ನ ಗಂಟಲು ಗೊತ್ತಲ್ಲ, ಹಿಂದಿನ ಸೀಟಿನವರೆಗೂ ಕೇಳಿಸಿತು.

'ಇಲ್ಲಿ ಸ್ಟಾಪ್ ಇಲ್ಲ ಕಣಮ್ಮ, ಕೂತ್ಕಳಿ' ಅಂದರು ಕಂಡಕ್ಟರು.

ಅವಳು ನನ್ನ ಸೆರಗು ಹಿಡಿದು ಎಳೆದು ಕೂರಿಸಿದಳು. ಹಿಡಿದ ಸೆರಗನ್ನು ಊರು ಬರುವವರೆಗೂ ಬಿಡಲಿಲ್ಲ.